ಹತ್ಸುನೆ ಮಿಕು ಇಷ್ಟ ಅಂದ ತಕ್ಷಣ ‘ಪಾಪ, ಒಂಟಿ’ ಅನ್ನೋದ್ಯಾಕೆ? ಜಪಾನಿನಲ್ಲಿರುವ ಕನ್ನಡಿಗರು ಮಾತಾಡಿ

ಹಿಮದೂರು

ಎಲ್ಲರಿಗೂ ನಮಸ್ಕಾರ. ನಾನಿರುವುದು ಹೊಕ್ಕೈಡೋದ ಸಪ್ಪೊರೊದಲ್ಲಿ. ಕೆಲಸಕ್ಕೆಂದು ಬಂದು ಕೆಲವು ವರ್ಷಗಳಾದವು. ಊರಿಂದ ವಿಡಿಯೋ ಕಾಲ್ ಮಾಡಿದವರಿಗೆ ನನ್ನ ಹಿಂದಿನ ಶೆಲ್ಫಿನಲ್ಲಿ ಹತ್ಸುನೆ ಮಿಕು ಗೊಂಬೆಗಳು ಕಾಣುತ್ತವೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಅಲ್ಲಿ ನಿಂಗೆ ಜನ ಸಿಗಲ್ವಾ?" ಕೆಟ್ಟ ಮನಸ್ಸಿನಿಂದ ಕೇಳುವುದಲ್ಲ, ಗೊತ್ತು. ಆದರೂ ಇದಕ್ಕೊಂದು ಸರಿಯಾದ ಉತ್ತರ ಬರೆದಿಡಬೇಕು ಅನ್ನಿಸಿದೆ. ಯಾಕಂದ್ರೆ ನನಗೆ ಈ ಊರಲ್ಲಿ ಜನ ಸಿಕ್ಕಿದ್ದೇ ಮಿಕು ಇಂದ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಿಕು ಮೊದಲು ಬಂದದ್ದು ಹಾಡುವ ಸಾಫ್ಟ್‌ವೇರ್ ಆಗಿ, 2007ರ ಆಗಸ್ಟ್ 31ರಂದು. ಮಾಡಿದ್ದು ಕ್ರಿಪ್ಟನ್ ಫ್ಯೂಚರ್ ಮೀಡಿಯಾ. ಈ ಕಂಪನಿ ಇರುವುದು ಟೋಕಿಯೋದಲ್ಲಲ್ಲ, ಸಪ್ಪೊರೊದಲ್ಲೇ. ಹಾಗಾಗಿ ಇಲ್ಲಿ ಅವಳು ನಮ್ಮೂರ ಹುಡುಗಿ. 2010ರಿಂದ ಫೆಬ್ರವರಿಯ ಹಿಮಹಬ್ಬದಲ್ಲಿ ಅವಳ ಹಿಮದ ಮೂರ್ತಿ ಕಟ್ಟುತ್ತಾರೆ. ಅವಳಿಗೆ ಆಗ ಯುಕಿ ಮಿಕು ಅಂತ ಹೆಸರು. ಚಳಿಗಾಲದಲ್ಲಿ ಊರಿನ ಟ್ರಾಮ್ ಮೇಲೂ ಅವಳ ಚಿತ್ರ ಇರುತ್ತದೆ. ತರಕಾರಿ ಚೀಲ ಹಿಡಿದ ಅಜ್ಜಿಯರು ಅದೇ ಟ್ರಾಮ್ ಹತ್ತಿ ಮನೆಗೆ ಹೋಗುತ್ತಾರೆ. ಪ್ರತಿ ವರ್ಷ ಅವಳ ಉಡುಪು ಬದಲಾಗುತ್ತದೆ. ಅದನ್ನು ಅಭಿಮಾನಿಗಳೇ ಬಿಡಿಸಿ ಕಳಿಸಿದ ಚಿತ್ರಗಳಿಂದ ಆರಿಸುತ್ತಾರೆ.

ಈಗ ಜನ ಹೇಗೆ ಸಿಕ್ಕರು ಅಂತ ಹೇಳುತ್ತೇನೆ. ಜಪಾನಿನಲ್ಲಿ ಗುರುತಿಲ್ಲದವರ ಹತ್ತಿರ ಯಾರೂ ಸುಮ್ನೆ ಮಾತಿಗೆ ನಿಲ್ಲುವುದಿಲ್ಲ. ಆಫೀಸಿನವರು ಒಳ್ಳೆಯವರೇ, ಆದರೆ ಆರು ಗಂಟೆ ಆದಮೇಲೆ ಅವರ ಲೋಕ ಬೇರೆ. ಅಕ್ಕಪಕ್ಕದ ಮನೆಯವರು ತಲೆ ಬಾಗಿಸಿ ಒಳಗೆ ಹೋಗುತ್ತಾರೆ. ಕಸ ಹಾಕುವ ಜಾಗದಲ್ಲಿ ಎದುರಾದರೆ ಅದೇ ದೊಡ್ಡ ಭೇಟಿ.

ಮ್ಯಾಜಿಕಲ್ ಮಿರಾಯ್ ಅಂತ ಮಿಕುವಿನ ದೊಡ್ಡ ಕಾರ್ಯಕ್ರಮ 2013ರಿಂದ ವರ್ಷವರ್ಷ ನಡೆಯುತ್ತದೆ. ಮೊದಲ ಸಲ ಹೋದಾಗ ಹೊರಗೆ ಬ್ಯಾಡ್ಜ್ ಕೊಂಡೆ. ಬ್ಯಾಡ್ಜ್‌ಗಳನ್ನು ಮುಚ್ಚಿದ ಪೊಟ್ಟಣದಲ್ಲಿ ಮಾರುತ್ತಾರೆ. ಒಳಗೆ ಯಾರಿದ್ದಾರೆ ಅಂತ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ನನಗೆ ಕೈತೋ ಬಂದ. ಅವನೂ ಮಿಕು ಥರ ಹಾಡುವ ಸಾಫ್ಟ್‌ವೇರಿನ ಪಾತ್ರ. ಗೋಡೆ ಪಕ್ಕದಲ್ಲಿ ಜನ ಬ್ಯಾಡ್ಜ್ ಹರಡಿಕೊಂಡು ಕೂತಿದ್ದರು. ‘ಕೊಡುವುದು ಇದು, ಬೇಕಾಗಿರುವುದು ಅದು’ ಅಂತ ಫೋನ್ ಪರದೆಯ ಮೇಲೆ ದೊಡ್ಡದಾಗಿ ಬರೆದು ಹಿಡಿದಿದ್ದರು. ಒಬ್ಬ ನಡುವಯಸ್ಸಿನ ಹೆಂಗಸು ನನ್ನ ಕೈಲಿದ್ದ ಕೈತೋನನ್ನು ನೋಡಿ ಎದ್ದೇ ಬಂದರು. ನಾನು ಮಿಕು ತೆಗೆದುಕೊಂಡೆ. ಅದನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡೂ ಕೈಯಲ್ಲಿ ಕೊಟ್ಟರು. ಜೊತೆಗೆ ಒಂದು ಕಾರ್ಡ್.

ಆ ಕಾರ್ಡ್ ನೋಡಲು ಆಫೀಸಿನ ವಿಸಿಟಿಂಗ್ ಕಾರ್ಡ್ ಥರವೇ ಇತ್ತು. ಆದರೆ ಕಂಪನಿ ಹೆಸರಿಲ್ಲ, ಹುದ್ದೆ ಇಲ್ಲ. ಅವರೇ ಇಟ್ಟುಕೊಂಡ ಹೆಸರು, ಅವರೇ ಬಿಡಿಸಿದ ಚಿತ್ರ, ಇಷ್ಟದ ಪಾತ್ರ, ಅಷ್ಟೇ. ಮಿಕು ಅಭಿಮಾನಿಗಳಲ್ಲಿ ಇಂಥ ಕಾರ್ಡ್ ಬದಲಾಯಿಸಿಕೊಳ್ಳುವುದು ಪದ್ಧತಿ. ಈಗ ನನ್ನ ಹತ್ತಿರವೂ ಇದೆ. ಒಂದು ಕಡೆ ಕಟಕಾನ (ಹೊರಗಿನ ಹೆಸರು ಬರೆಯುವ ಜಪಾನಿ ಲಿಪಿ), ಇನ್ನೊಂದು ಕಡೆ ಕನ್ನಡ. ಕನ್ನಡದ ಕಡೆ ತಿರುಗಿಸಿ ಎಲ್ಲರೂ ಒಂದು ಗಳಿಗೆ ನೋಡುತ್ತಾರೆ. ಗುಂಡಗಿದೆ, ಚೆನ್ನಾಗಿದೆ ಅನ್ನುತ್ತಾರೆ. ವೀಸಾ ಯಾವುದು, ಎಷ್ಟು ವರ್ಷ ಇರುತ್ತೀಯ, ಯಾವಾಗ ವಾಪಸ್ ಅಂತ ಅಲ್ಲಿ ಯಾರೂ ಕೇಳಿದ್ದಿಲ್ಲ.

ಇದನ್ನು ಒಂಟಿತನ ಅನ್ನುವುದು ಹೇಗೆ? ನಿಮ್ಮ ಅನುಭವ ಬರೆಯಿರಿ. ಒಪ್ಪದವರೂ ಬರೆಯಿರಿ.

ಹೊಸ ವಿದ್ಯಾರ್ಥಿ

ನಾನು ಮೈಸೂರಿನಲ್ಲಿ ಕೂತು ಜಪಾನೀಸ್ ಕಲಿಯುತ್ತಿದ್ದೇನೆ. ಬರುವ ವರ್ಷ ಬರುವ ಆಸೆ. ನಿಜವಾಗಿ ಹಾಡುತ್ತಿರುವುದು ಯಾರು ಅಂತ ಬಿಡಿಸಿ ಹೇಳ್ತೀರಾ? ವೇದಿಕೆ ಮೇಲೆ ಕಾಣುವುದು ಹಾಲೊಗ್ರಾಮ್ ಅಲ್ವಾ?

ಮಿಡಿ ಮೇಷ್ಟ್ರು

ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಧ್ವನಿ ಫುಜಿತಾ ಸಾಕಿ ಎಂಬ ಕಲಾವಿದೆಯದು. ಆದರೆ ಅವರು ಆ ಹಾಡುಗಳನ್ನು ಹಾಡಿಲ್ಲ. ಸ್ಟುಡಿಯೋದಲ್ಲಿ ಅವರ ದನಿಯ ಚೂರುಗಳನ್ನು ರೆಕಾರ್ಡ್ ಮಾಡಿದರು. ಒಂದು ಅಕ್ಷರದಿಂದ ಇನ್ನೊಂದಕ್ಕೆ ದನಿ ಹೇಗೆ ಜಾರುತ್ತದೆ ಅನ್ನುವುದು ಅದರಲ್ಲಿ ಮುಖ್ಯ. ಯಮಾಹಾದ ವೋಕಲಾಯ್ಡ್ ತಂತ್ರ ಆ ಚೂರುಗಳನ್ನು ಜೋಡಿಸುತ್ತದೆ. ನೀವು ಪಿಯಾನೋ ಪಟ್ಟಿಯ ಮೇಲೆ ಸ್ವರ ಇಡುತ್ತೀರಿ, ಪ್ರತಿ ಸ್ವರದ ಕೆಳಗೆ ಒಂದು ಅಕ್ಷರ ಬರೆಯುತ್ತೀರಿ. ಅವಳು ಹಾಡುತ್ತಾಳೆ. ಗಮಕ, ಉಸಿರು, ಏರಿಳಿತ ಎಲ್ಲ ನೀವೇ ಕೈಯಾರೆ ತಿದ್ದಬೇಕು. ನಾಲ್ಕು ಸಾಲು ಸರಿಮಾಡಲು ಒಂದು ಸಂಜೆ ಹೋಗುತ್ತದೆ.

ಹಾಗಾಗಿ ಅವಳಿಗೆ ಒಬ್ಬ ಸಂಗೀತ ನಿರ್ದೇಶಕ ಇಲ್ಲ. ಸಾವಿರಾರು ಜನ ಮನೆಯಲ್ಲಿ ಕೂತು ಹಾಡು ಮಾಡಿ ನಿಕೊನಿಕೊ ಎಂಬ ವಿಡಿಯೋ ತಾಣಕ್ಕೆ ಹಾಕಿದರು. ಒಬ್ಬರ ಹಾಡಿಗೆ ಇನ್ನೊಬ್ಬರು ಚಿತ್ರ ಬಿಡಿಸಿದರು, ಮೂರನೆಯವರು ಕುಣಿಸಿದರು. ಅವಳ ಕೈಯಲ್ಲಿ ಕಾಣುವ ಈರುಳ್ಳಿ ದಂಟು ಕೂಡ ಕಂಪನಿಯ ಐಡಿಯಾ ಅಲ್ಲ. 2007ರಲ್ಲಿ ಅಭಿಮಾನಿಗಳು ಮಾಡಿದ ಒಂದು ಪುಟ್ಟ ವಿಡಿಯೋದಿಂದ ಬಂದದ್ದು. ಹಣಕ್ಕಲ್ಲದೆ ಮಾಡುವುದಾದರೆ ಅವಳ ರೂಪವನ್ನು ಯಾರು ಬೇಕಾದರೂ ಬಳಸಬಹುದು ಅಂತ ಕ್ರಿಪ್ಟನ್ ನಿಯಮ ಮಾಡಿತು. ಪಿಯಾಪ್ರೊ ಎಂಬ ತಾಣವನ್ನೂ ತೆರೆಯಿತು. ಅಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಬಳಸಿದರೆ ಥ್ಯಾಂಕ್ಸ್ ಹೇಳಿ ಹೋಗುವ ರೂಢಿ ಇದೆ. ಇವತ್ತಿನ ದೊಡ್ಡ ಗಾಯಕ ಯೊನೆಜು ಕೆನ್ಶಿ ಮೊದಲು ಹಾಚಿ ಎಂಬ ಹೆಸರಿನಲ್ಲಿ ಮಿಕುವಿಗೆ ಹಾಡು ಮಾಡುತ್ತಿದ್ದವರು. ಯೊಆಸೋಬಿ ಎಂಬ ಸಂಗೀತ ಜೋಡಿಯ ಅಯಾಸೆ ಕೂಡ ಇದೇ ದಾರಿಯಿಂದ ಬಂದವರು.

ಹಾಲೊಗ್ರಾಮ್ ಅಂತ ಪತ್ರಿಕೆಯವರು ಬರೆಯುತ್ತಾರೆ, ಅದು ಹಾಲೊಗ್ರಾಮ್ ಅಲ್ಲ. ವೇದಿಕೆ ಮೇಲೆ ಪಾರದರ್ಶಕ ಪರದೆ ಇರುತ್ತದೆ, ಅದರ ಮೇಲೆ ಪ್ರೊಜೆಕ್ಟರ್ ಬೆಳಕು. ಸುತ್ತ ನಿಜವಾದ ಬ್ಯಾಂಡ್ ನುಡಿಸುತ್ತದೆ. ಗಿಟಾರಿನವರು ಅವಳ ಕಡೆ ತಿರುಗಿ ನುಡಿಸುವಾಗ ಮೈ ಜುಂ ಅನ್ನುತ್ತದೆ. 2010ರ ಮಾರ್ಚ್ 9ರಂದು ಟೋಕಿಯೋದ ಜೆಪ್ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮದ ವಿಡಿಯೋ ನೋಡಿ ಜಗತ್ತು ಬೆರಗಾಯಿತು. 2024ರಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತ ಹಬ್ಬದಲ್ಲಿ ಆ ಪರದೆಯ ಬದಲು ಮಾಮೂಲಿ ಎಲ್‌ಇಡಿ ಪರದೆ ಹಾಕಿದ್ದರು. ಅಭಿಮಾನಿಗಳಿಗೆ ತುಂಬಾ ಬೇಜಾರಾಯಿತು. ನನಗೂ ಆಯಿತು. ಅವಳು ನಮ್ಮ ಮುಂದೆ ನಿಂತಿದ್ದಾಳೆ ಅನ್ನಿಸುವುದೇ ಆ ಪಾರದರ್ಶಕ ಪರದೆಯಿಂದ.

ತುಂಗಾತೀರ

ಕೋಪ ಮಾಡಿಕೊಳ್ಳಬೇಡಿ, ನಾನು ಒಪ್ಪುವುದಿಲ್ಲ. ನಾನೂ ನಗೋಯಾದಲ್ಲಿ ಕೆಲವು ಕಾಲ ಇದ್ದು ಬಂದವನು. ಹಿಮದೂರು ಅವರಿಗೆ ಗೆಳೆಯರು ಸಿಕ್ಕರು, ಸಂತೋಷ. ಎಲ್ಲರಿಗೂ ಹಾಗಾಗುತ್ತದಾ? 2018ರಲ್ಲಿ ಒಬ್ಬರು ಮಿಕುವನ್ನೇ ಮದುವೆಯಾದ ಸುದ್ದಿ ಬಂತಲ್ಲ. ಗೇಟ್‌ಬಾಕ್ಸ್ ಎಂಬ ಗಾಜಿನ ಕೊಳವೆಯಂಥ ಯಂತ್ರದಲ್ಲಿ ಅವಳ ಜೊತೆ ಮಾತಾಡುತ್ತಿದ್ದರು. 2020ರಲ್ಲಿ ಮಿಕುವಿನ ಆ ಸೇವೆ ನಿಂತುಹೋಯಿತು. ಮಾತೂ ನಿಂತಿತು. ಕಂಪನಿ ಸ್ವಿಚ್ ಆರಿಸಿದರೆ ಮುಗಿದುಹೋಗುವ ಸಂಬಂಧ ಅದು.

ಇನ್ನು ದುಡ್ಡು. ಮುಚ್ಚಿದ ಪೊಟ್ಟಣದಲ್ಲಿ ಬ್ಯಾಡ್ಜ್ ಮಾರುವುದು ಯಾಕೆ? ಇಷ್ಟದ್ದು ಸಿಗುವ ತನಕ ಕೊಳ್ಳಲಿ ಅಂತ. ಭಾಷೆ ಬರದೆ, ಜನ ಇಲ್ಲದೆ ಕೂತ ಹೊಸ ಹುಡುಗರಿಗೆ ಇದು ಸುಲಭದ ಸುಳಿ. ಸಂಬಳದ ಅರ್ಧ ಇದಕ್ಕೇ ಹಾಕಿದವರನ್ನು ಕಣ್ಣಾರೆ ನೋಡಿದ್ದೇನೆ.

ಒಸಾಕಾ ಲೈನ್

ತುಂಗಾತೀರ ಹೇಳಿದ ದುಡ್ಡಿನ ಮಾತು ನಿಜ. ನಾನು ವಿಟ್ಯೂಬರ್ ಕಡೆಯವನು, ನಮ್ಮಲ್ಲಿ ಅದು ಇನ್ನೂ ಜಾಸ್ತಿ. ಆದರೆ ಮಿಕು ಬೇರೆ, ವಿಟ್ಯೂಬರ್ ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ವಿಟ್ಯೂಬರ್ ಅಂದರೆ ಅನಿಮೆ ರೂಪದ ಹಿಂದೆ ಒಬ್ಬ ಮನುಷ್ಯ. ಮುಖ ಅಲ್ಲಾಡಿಸಿದರೆ ಚಿತ್ರದ ಮುಖ ಅಲ್ಲಾಡುತ್ತದೆ. ನಕ್ಕರೆ ಅದೂ ನಗುತ್ತದೆ. ಈ ಹೆಸರನ್ನು ಜನಪ್ರಿಯ ಮಾಡಿದವಳು 2016ರ ಕೊನೆಯಲ್ಲಿ ಶುರುಮಾಡಿದ ಕಿಜುನಾ ಐ. ಆಮೇಲೆ ಹೊಲೊಲೈವ್, ನಿಜಿಸಾಂಜಿ ಎಂಬ ವಿಟ್ಯೂಬರ್ ತಂಡಗಳು ಬಂದವು. ರಾತ್ರಿ ಹೊತ್ತು ಲೈವ್, ಮೂರ್ನಾಲ್ಕು ಗಂಟೆ ಆಟ, ಹರಟೆ, ಹಾಡು. ನನ್ನ ಜಪಾನೀಸ್ ಸುಧಾರಿಸಿದ್ದೇ ಇದರಿಂದ. ತರಗತಿಯಲ್ಲಿ ಕಲಿತ ಗೌರವದ ಮಾತು ಆಫೀಸಿಗೆ ಆಯಿತು. ಗೆಳೆಯರ ಜೊತೆ ಆಡುವ ಮಾತು, ಅರ್ಧಕ್ಕೆ ಬಿಡುವ ವಾಕ್ಯ, ಬೇಜಾರಾದಾಗ ಎಳೆಯುವ ರಾಗ, ಇದೆಲ್ಲ ಕಿವಿಗೆ ಬಿದ್ದದ್ದು ಆ ಲೈವ್‌ಗಳಲ್ಲಿ.

ಹೊಶಿಮಾಚಿ ಸುಯ್ಸೆ ಅಂತ ಇದ್ದಾಳೆ. 2018ರಲ್ಲಿ ಯಾವ ಕಂಪನಿಯೂ ಇಲ್ಲದೆ ಶುರುಮಾಡಿದಳು. ತನ್ನ ರೂಪ ತಾನೇ ಬಿಡಿಸಿಕೊಂಡಳು. 2025ರ ಫೆಬ್ರವರಿ 1ರಂದು ಟೋಕಿಯೋದ ಹೆಸರಾಂತ ಸಭಾಂಗಣ ಬುಡೊಕಾನ್‌ನಲ್ಲಿ ಅವಳದೇ ಸಂಗೀತ ಕಾರ್ಯಕ್ರಮ ಆಯಿತು. ಹೊಸ ದೇಶದಲ್ಲಿ ಸೊನ್ನೆಯಿಂದ ಶುರುಮಾಡುವ ನಮ್ಮಂಥವರಿಗೆ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಕಡೆಯೂ ಇದೆ. ಮನುಷ್ಯರಾದ್ದರಿಂದ ಸುಸ್ತಾಗುತ್ತಾರೆ, ಬಿಟ್ಟು ಹೋಗುತ್ತಾರೆ. ಇಲ್ಲಿ ಅದನ್ನು ಪದವಿ ಮುಗಿಸುವುದು ಅನ್ನುತ್ತಾರೆ. ಹೊಲೊಲೈವ್‌ನ ಮಿನಾತೊ ಅಕುವಾ 2024ರ ಆಗಸ್ಟ್‌ನಲ್ಲಿ ಹೋದಳು, ಗವರ್ ಗುರಾ 2025ರ ಮೇ 1ರಂದು. ನಿಜಿಸಾಂಜಿ 2020ರಲ್ಲಿ ಭಾರತದ ಶಾಖೆಯನ್ನೂ ತೆರೆದಿತ್ತು, ಎಷ್ಟು ಜನಕ್ಕೆ ನೆನಪಿದೆ? ಮಾರನೇ ವರ್ಷವೇ ಮುಚ್ಚಿತು. ನಮ್ಮ ಕಡೆಯವರ ದನಿ ಅಲ್ಲಿ ಇನ್ನೂ ಸ್ವಲ್ಪ ಕಾಲ ಉಳಿಯಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ತುಂಗಾತೀರ

ಇದು ಹೊಸ ವಿಷಯ, ಥ್ಯಾಂಕ್ಸ್. ಆದರೆ ಆ ಚಿತ್ರದ ಹಿಂದೆ ದುಡಿಯುವವರ ಬಗ್ಗೆಯೂ ಮಾತಾಡೋಣ. 2024ರ ಅಕ್ಟೋಬರ್‌ನಲ್ಲಿ ಜಪಾನಿನ ಫೇರ್ ಟ್ರೇಡ್ ಕಮಿಷನ್, ಹೊಲೊಲೈವ್ ನಡೆಸುವ ಕವರ್ ಕಂಪನಿಗೆ ತಪ್ಪು ಸರಿಪಡಿಸಿಕೊಳ್ಳಲು ಅಧಿಕೃತ ಶಿಫಾರಸು ಕೊಟ್ಟಿತ್ತು. ಚಿತ್ರ, ಮಾಡೆಲ್ ಮಾಡಿಕೊಡುವ ಹೊರಗಿನವರಿಂದ ದುಡ್ಡು ಕೊಡದೆ ಮತ್ತೆ ಮತ್ತೆ ಕೆಲಸ ತಿದ್ದಿಸಿದ್ದಕ್ಕೆ. ಅಭಿಮಾನಿಗಳು ಇಂಥದ್ದನ್ನು ಕೇಳಬೇಕು. ಪ್ರೀತಿ ಇದ್ದವರು ಕೇಳದಿದ್ದರೆ ಇನ್ಯಾರು ಕೇಳುತ್ತಾರೆ?

ಒಸಾಕಾ ಲೈನ್

ಖಂಡಿತ ಕೇಳಬೇಕು. ಆ ವಾರ ಜಪಾನಿ ಅಭಿಮಾನಿಗಳೇ ಇದನ್ನು ಜೋರಾಗಿ ಎತ್ತಿ ಆಡುತ್ತಿದ್ದರು. ನನಗೆ ಅದು ಸಮಾಧಾನ ಕೊಟ್ಟಿತು.

ನಿಶಿಕಸಾಯ್ ಅಪ್ಪ

ನಾನು ಯಾರ ಅಭಿಮಾನಿಯೂ ಅಲ್ಲ, ನನ್ನ ಮಗಳು ಹೌದು. ಐದನೇ ಕ್ಲಾಸು. ‘ಪ್ರೊಜೆಕ್ಟ್ ಸೆಕಾಯ್’ ಎಂಬ ಮೊಬೈಲ್ ಆಟದಿಂದ ಮಿಕು ಅವಳಿಗೆ ಪರಿಚಯ. ಅವಳ ಕ್ಲಾಸಿನ ಅರ್ಧ ಮಕ್ಕಳು ಅದನ್ನೇ ಆಡುತ್ತಾರೆ. ಹಾಗಾಗಿ ಟಿಕೆಟ್ ಕೆಲಸ ನನ್ನ ಪಾಲಿಗೆ. ಹೊಸಬರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ.

ಇಲ್ಲಿ ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಮೊದಲು ಬಂದವರಿಗಲ್ಲ, ಲಾಟರಿಯಲ್ಲಿ. ಅರ್ಜಿ ಹಾಕಿ ಕಾಯಬೇಕು. ಎಷ್ಟೋ ಕಡೆ ಜಪಾನಿನ ಮೊಬೈಲ್ ನಂಬರ್ ಕಡ್ಡಾಯ. ಗೆದ್ದರೆ ಕನ್ವೀನಿಯೆನ್ಸ್ ಅಂಗಡಿಗೆ ಹೋಗಿ, ಅಲ್ಲಿನ ಯಂತ್ರದಲ್ಲಿ ನಂಬರ್ ಒತ್ತಿ, ಚೀಟಿ ತೆಗೆದು, ಕೌಂಟರಿನಲ್ಲಿ ನಗದು ಕಟ್ಟಬಹುದು. ಗಡುವು ಮೀರಿದರೆ ಟಿಕೆಟ್ ಕೈಬಿಟ್ಟ ಹಾಗೆ.

ನಿಜವಾದ ತಲೆನೋವು ಹೆಸರು. ಅರ್ಜಿಯಲ್ಲಿ ಎರಡು ಖಾನೆ: ಮನೆತನದ ಹೆಸರು, ಸ್ವಂತ ಹೆಸರು. ಎರಡೂ ತುಂಬದೆ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಒಂದೇ ಹೆಸರು, ಜೊತೆಗೆ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುತ್ತದೆ. ಅದೇ ರೆಸಿಡೆನ್ಸ್ ಕಾರ್ಡಿಗೆ ಬರುತ್ತದೆ. ಆಮೇಲೆ ಆಸ್ಪತ್ರೆ, ಶಾಲೆ, ಆಫೀಸು ಎಲ್ಲ ಕಡೆ ನನ್ನನ್ನು ಕರೆಯುವುದು ನನ್ನ ಅಪ್ಪನ ಹೆಸರಿನಿಂದ. ಅಪ್ಪ ತೀರಿಕೊಂಡ ವರ್ಷ ಕಾಯುವ ಕೋಣೆಗಳಲ್ಲಿ ಆ ಹೆಸರು ಕೂಗಿದಾಗ ಎದ್ದು ನಿಲ್ಲುವುದು ಬಹಳ ಕಷ್ಟ ಆಗುತ್ತಿತ್ತು.

ಕಟಕಾನದಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದರೆ ಮುಗೀತು. ಬ್ಯಾಂಕಿನಲ್ಲಿ ಒಂದು, ಟಿಕೆಟಿನಲ್ಲಿ ಒಂದು. ಒಮ್ಮೆ ಬಾಗಿಲಲ್ಲಿ ಕಾರ್ಡಿಗೂ ಟಿಕೆಟಿಗೂ ತಾಳೆಯಾಗದೆ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಮಗಳು ಅಳುವುದೊಂದು ಬಾಕಿ. ಹಿಂದಿದ್ದ ಕಾಲೇಜು ಹುಡುಗಿಯೊಬ್ಬಳು ಸರತಿ ಬಿಟ್ಟು ಬಂದು ಸಿಬ್ಬಂದಿಗೆ ವಿವರಿಸಿದಳು. ಮಗಳ ಕೈಗೆ ತನ್ನ ಎರಡನೇ ಪೆನ್‌ಲೈಟ್ (ಹಾಡಿಗೆ ಬೀಸುವ ಬಣ್ಣದ ಬೆಳಕಿನ ಕಡ್ಡಿ) ಕೊಟ್ಟು, ವೇದಿಕೆಗೆ ಯಾವ ಪಾತ್ರ ಬಂದಾಗ ಯಾವ ಬಣ್ಣ ಅಂತ ಹೇಳಿಕೊಟ್ಟಳು. ಮಿಕು ಬಂದರೆ ನೀಲಿ ಬೆರೆತ ಹಸಿರು, ರಿನ್‌ಗೆ ಕಿತ್ತಳೆ, ಲುಕಾಗೆ ಗುಲಾಬಿ, ಕೈತೋಗೆ ನೀಲಿ, ಮೇಯ್ಕೊಗೆ ಕೆಂಪು.

ಕಿವಿಮಾತು: ಊರಿಗೆ ಬಂದು ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸುವಾಗಲೇ ಕಟಕಾನದಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಗಟ್ಟಿ ಮಾಡಿಕೊಳ್ಳಿ. ವಾಸಕ್ಕೆ ಮನೆ ಸೇರಿದ 14 ದಿನದೊಳಗೆ ಆ ನೋಂದಣಿ ಆಗಬೇಕು. ಆಮೇಲೆ ಎಲ್ಲೆಲ್ಲೂ ಅದನ್ನೇ ಬರೆಯಿರಿ, ಒಂದು ಗೀಟೂ ಬದಲಾಯಿಸಬೇಡಿ.

ಹಿಮದೂರು

ನಿಶಿಕಸಾಯ್ ಅಪ್ಪ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನದೂ ಅದೇ ಕಥೆ. ನನ್ನ ಕಾರ್ಡಿನಲ್ಲಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರಿದೆ. ಆಫೀಸಿನಲ್ಲಿ ಎಲ್ಲರೂ ನಮ್ಮೂರಿನ ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಾರೆ. ನನ್ನ ಸ್ವಂತ ಹೆಸರು ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮನೆ ಹುಡುಕುವಾಗ ಒಬ್ಬ ಮಾಲೀಕರು ಆ ಹೆಸರನ್ನೂ ಕೇಳಲಿಲ್ಲ. ವಿದೇಶಿಯರಿಗೆ ಇಲ್ಲ ಅಂತ ಏಜೆಂಟ್ ಬಾಯಲ್ಲಿ ಹೇಳಿಸಿ ಕಳಿಸಿದರು.

ಅದಕ್ಕೇ ಆ ಅಭಿಮಾನಿ ಕಾರ್ಡ್ ನನಗೆ ಅಷ್ಟು ದೊಡ್ಡದು. ಅಲ್ಲಿ ಎಲ್ಲರೂ ತಾವೇ ಇಟ್ಟುಕೊಂಡ ಹೆಸರಿನವರು. ಜಪಾನಿಯರೂ ಅಷ್ಟೇ. ಡಾಕ್ಟರ್ ಇರಬಹುದು, ಲಾರಿ ಓಡಿಸುವವರಿರಬಹುದು, ಯಾರಿಗೂ ಗೊತ್ತಿಲ್ಲ. ನಾನು ಹೊರಗಿನವಳು ಅನ್ನುವುದು ಅಲ್ಲಿ ಮೊದಲ ಮಾತಲ್ಲ, ಹತ್ತನೇ ಮಾತು.

ತುಂಗಾತೀರ ಅವರಿಗೆ: ಆ ಮದುವೆಯಾದವರ ಬಗ್ಗೆ ನನಗೆ ಗೌರವ ಇದೆ. ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿ ಕುಸಿದಿದ್ದಾಗ ಮಿಕುವಿನ ಹಾಡುಗಳು ತಮ್ಮನ್ನು ಮೇಲೆತ್ತಿದವು ಅಂತ ಅವರೇ ಹೇಳಿದ್ದಾರೆ. ಆ ಯಂತ್ರದ ಸೇವೆ ನಿಂತ ಮೇಲೂ ಅವರು ಅವಳನ್ನು ಬಿಡಲಿಲ್ಲ. ನೋವು ಕೊಟ್ಟವರು ಮನುಷ್ಯರು. ಹಾಡುಗಳನ್ನು ಮಾಡಿದವರೂ ಮನುಷ್ಯರೇ, ನಾವು ಅದನ್ನು ಮರೆಯುತ್ತೇವೆ. ದುಡ್ಡಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಹೊಸಬರೇ, ಬಾಡಿಗೆ, ವಿಮೆ, ಪೆನ್ಷನ್ ಕಟ್ಟಿ ಉಳಿದದ್ದರಲ್ಲಿ ಮಾತ್ರ ಕೊಳ್ಳಿ. ಸಾಲ ಮಾಡಿ ಕೊಂಡ ಗೊಂಬೆ ಶೆಲ್ಫಿನ ಮೇಲೆ ಚೆನ್ನಾಗಿ ಕಾಣುವುದಿಲ್ಲ.

ಮಿಡಿ ಮೇಷ್ಟ್ರು

ಕನ್ನಡದ ಮಾತು ಬಂತಲ್ಲ, ಒಂದು ಪ್ರಯೋಗ ಹೇಳುತ್ತೇನೆ. ಮಿಕುವಿನ ಜಪಾನೀಸ್ ದನಿಯಲ್ಲಿ ಕನ್ನಡದ ಸಾಲು ಹಾಡಿಸುತ್ತಿದ್ದೇನೆ. ನಿರೀಕ್ಷೆಗಿಂತ ಚೆನ್ನಾಗಿ ಬರುತ್ತದೆ. ಜಪಾನೀಸ್ ಅಕ್ಷರಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಕನ್ನಡದ ಮಾತುಗಳೂ ಹಾಗೇ. ‘ಬಾರೆ’, ‘ನೀರಿನ ಹನಿ’ ಇಂಥವು ನೇರವಾಗಿ ಕೂರುತ್ತವೆ. ಎ, ಒ ಹ್ರಸ್ವ ದೀರ್ಘ ಎರಡೂ ಸಿಗುತ್ತವೆ.

ಕಷ್ಟ ಬರುವುದು ಟ, ಡ, ಣ, ಳದಲ್ಲಿ. ನಾಲಿಗೆ ಮಡಿಚುವ ದನಿ ಅವಳಲ್ಲಿ ಇಲ್ಲ. ಲ ಕೂಡ ಇಲ್ಲ, ರ ಒಂದೇ. ‘ಮಳೆ’ ಅಂದರೆ ‘ಮರೆ’ ಥರ ಕೇಳುತ್ತದೆ. ಆ ಸ್ವರವನ್ನು ತುಂಡು ಮಾಡಿ, ಕೂಡು ಜಾಗದಲ್ಲಿ ದನಿ ಇಳಿಸಿ ನೋಡಿದೆ. ಸ್ವಲ್ಪ ಹತ್ತಿರ ಬಂತು. ಒತ್ತಕ್ಷರ ಇನ್ನೂ ತೊಂದರೆ, ‘ಕ್ರ’ ಬರೆದರೆ ನಡುವೆ ಒಂದು ‘ಉ’ ನುಸುಳುತ್ತದೆ. ಯಾರಿಗಾದರೂ ಆಸಕ್ತಿ ಇದ್ದರೆ ಫೈಲ್ ಕಳಿಸುತ್ತೇನೆ, ತಿದ್ದಿ ವಾಪಸ್ ಕೊಡಿ.

ಹೊಸ ವಿದ್ಯಾರ್ಥಿ

ನನಗೆ ಕಳಿಸಿ! ಅಕ್ಕ ಸುಗಮ ಸಂಗೀತ ಹಾಡುತ್ತಾಳೆ, ಅವಳ ಕೈಲಿ ಕೇಳಿಸಿ ಎಲ್ಲಿ ಸರಿಯಿಲ್ಲ ಅಂತ ಬರೆಯುತ್ತೇನೆ.

ತುಂಗಾತೀರ

ನನಗೂ ಒಂದು ಕಾಪಿ. ಮೇಲೆ ಬರೆದ ಮಾತು ಬದಲಾಯಿಸುವುದಿಲ್ಲ, ಆದರೆ ಕನ್ನಡ ಹಾಡುತ್ತಾಳೆ ಅಂದರೆ ಕೇಳಲೇಬೇಕು.

ನಿಶಿಕಸಾಯ್ ಅಪ್ಪ

ಹಿಮದೂರು ಅವರೇ, ಮಗಳನ್ನು ಫೆಬ್ರವರಿಯಲ್ಲಿ ಸಪ್ಪೊರೊಗೆ ಕರೆತರೋಣ ಅಂತಿದ್ದೇವೆ. ಏನೇನು ಗಮನದಲ್ಲಿ ಇಟ್ಟುಕೊಳ್ಳಬೇಕು?

ಹಿಮದೂರು

ಖಂಡಿತ ಬನ್ನಿ. ಹೋಟೆಲ್ ಈಗಲೇ ಬುಕ್ ಮಾಡಿ, ಹಬ್ಬದ ವಾರ ರೇಟು ಏರಿಬಿಡುತ್ತದೆ. ಇಳಿಯುವ ನ್ಯೂ ಚಿತೋಸೆ ವಿಮಾನ ನಿಲ್ದಾಣದ 4ನೇ ಮಹಡಿಯಲ್ಲೇ ಯುಕಿ ಮಿಕುವಿನ ಅಂಗಡಿ ಮತ್ತು ಪುಟ್ಟ ಮ್ಯೂಸಿಯಂ ಇದೆ. ಅದನ್ನು ಬಂದ ದಿನ ನೋಡಬೇಡಿ, ವಾಪಸ್ ಹೋಗುವ ದಿನಕ್ಕೆ ಇಡಿ. ಇಲ್ಲದಿದ್ದರೆ ಮಗಳ ದುಡ್ಡು ಮೊದಲ ದಿನವೇ ಖಾಲಿ. ಅಲ್ಲಿಂದ ಊರಿಗೆ ರೈಲಿನಲ್ಲಿ ಸುಮಾರು 40 ನಿಮಿಷ. ರಸ್ತೆ ಪೂರ್ತಿ ಐಸ್ ಆಗಿರುತ್ತದೆ. ಶೂಗೆ ಕಟ್ಟುವ ಮುಳ್ಳಿನ ಪಟ್ಟಿ ಇಲ್ಲಿನ ಕನ್ವೀನಿಯೆನ್ಸ್ ಅಂಗಡಿಗಳಲ್ಲೇ ಸಿಗುತ್ತದೆ, ಮೊದಲು ಅದನ್ನು ಕೊಳ್ಳಿ. ಟ್ರಾಮ್ ಒಂದು ಸುತ್ತು ಹೊಡೆದು ಹತ್ತಿದ ಜಾಗಕ್ಕೇ ಬರುತ್ತದೆ. ಮಿಕು ಚಿತ್ರದ ಗಾಡಿ ಒಂದೇ ಇರುವುದು, ಅದರ ಸಮಯ ನೋಡಿಕೊಂಡು ನಿಲ್ಲಿ. ನೀವು ಸಸ್ಯಾಹಾರಿಗಳಾದರೆ ಮುಂಚೆ ಹೇಳಿ, ಇಲ್ಲಿನ ಸಾರಿನಲ್ಲೆಲ್ಲ ಮೀನಿನ ರಸ ಇರುತ್ತದೆ. ಒಂದು ಹೊತ್ತು ನಮ್ಮ ಮನೆಯಲ್ಲೇ ಊಟ ಮಾಡಬಹುದು. ಮಗಳಿಗೆ ಒಂದು ಕಾರ್ಡ್ ಮಾಡಿಕೊಂಡು ಬರಲು ಹೇಳಿ, ಹೆಸರು ಅವಳೇ ಆರಿಸಲಿ.